ಆಕಾಶದಿಂದ ಓದುವ ಕಲ್ಲಕ್ಷರ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಶದಲ್ಲಿದ್ದ ಯೂರೋಪಿನ ಮೇಲೆ ಹಗಲಿನಲ್ಲೇ ದಾಳಿ ನಡೆಸಲು ಅಮೆರಿಕದ ಎಂಟನೆಯ ವಾಯುಪಡೆ ಮುಖ್ಯವಾಗಿ ನೆಚ್ಚಿಕೊಂಡದ್ದು ‘ಹಾರುವ ಕೋಟೆ’ ಎಂದು ಹೆಸರಾದ ಬಿ-17 ಬಾಂಬರನ್ನು. 1942ರ ಆಗಸ್ಟ್ 17ರಂದು ಫ್ರಾನ್ಸಿನ ರೂಆನ್ ರೈಲ್ವೆ ಯಾರ್ಡಿನ ಮೇಲೆ ಈ ಪಡೆಯ ಬಿ-17ಗಳ ಮೊದಲ ದಾಳಿ ನಡೆಯಿತು. ಸುಮಾರು 31.6 ಮೀಟರ್ ಅಗಲದ ರೆಕ್ಕೆ, ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನ್, ಸಾಮಾನ್ಯವಾಗಿ ಹತ್ತು ಮಂದಿ ಸಿಬ್ಬಂದಿ ಇದಕ್ಕಿದ್ದವು. ಎಂಜಿನ್ ಉಗುಳುವ ಬಿಸಿ ಅನಿಲದಿಂದಲೇ ಚಕ್ರವೊಂದನ್ನು ತಿರುಗಿಸಿ, ಎತ್ತರದ ತೆಳುಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸುವ ಟರ್ಬೊ ವ್ಯವಸ್ಥೆ ಇದ್ದುದರಿಂದ, ಅದು 7,500 ಮೀಟರಿಗೂ ಮೇಲೆ ಕಸುವು ಕುಂದದೆ ಹಾರಬಲ್ಲದಾಗಿತ್ತು.

ಆದರೆ ಇಂಥ ಯಂತ್ರಕ್ಕೂ ತಾನು ಎಲ್ಲಿದ್ದೇನೆ ಎಂಬುದು ತಾನಾಗಿ ತಿಳಿಯುತ್ತಿರಲಿಲ್ಲ. ದಿಕ್ಸೂಚಿ ತೋರುವ ದಿಕ್ಕು, ಗಾಳಿಯಲ್ಲಿ ಸಾಗುವ ವೇಗ ಮತ್ತು ಕಳೆದ ಸಮಯ, ಈ ಮೂರನ್ನು ಕೂಡಿಸಿ ನಕಾಶೆಯ ಮೇಲೆ ಸ್ಥಾನವನ್ನು ಗುರುತಿಸುವ ಅಂದಾಜು ಲೆಕ್ಕವೇ ದಾರಿಗಾರನ ಮುಖ್ಯ ಆಧಾರವಾಗಿತ್ತು. ತುಂಬಿದ ತುಂಗಭದ್ರೆಯಲ್ಲಿ ಅಂಬಿಗ ಹರಿಗೋಲನ್ನು ನೇರ ಎದುರು ದಡಕ್ಕೆ ಹಾಕಿದರೂ ಸೆಳವು ಅದನ್ನು ಕೆಳಗೆ ಒಯ್ಯುವಂತೆ, ಅಡ್ಡಗಾಳಿ ವಿಮಾನವನ್ನು ದಾರಿಯಿಂದ ಸರಿಸುತ್ತದೆ. ಗಂಟೆಗೆ 40 ಕಿ.ಮೀ. ಅಡ್ಡಗಾಳಿ ಲೆಕ್ಕಕ್ಕೆ ಸಿಗದಿದ್ದರೆ ಎಂಟು ಗಂಟೆಗಳಲ್ಲಿ ತಪ್ಪು 320 ಕಿ.ಮೀ. ಆಗುತ್ತದೆ. ಈ ಸರಿತವನ್ನು ಅಳೆಯಲು ಕೆಳಮುಖವಾದ ಕೊಳವೆಯೊಂದಿತ್ತು. ಅದರ ಗಾಜಿನ ಮೇಲಿನ ಗೆರೆಗಳಿಗೆ ಕಡಲಿನ ನೊರೆ ಎಷ್ಟು ಓರೆಯಾಗಿ ಸಾಗುತ್ತದೆಂದು ನೋಡಿ ಕೋನವನ್ನು ಓದಿಕೊಳ್ಳುತ್ತಿದ್ದರು. ಕೆಳಗೆ ಮೋಡ ಕವಿದರೆ ಆ ಕೊಳವೆಯಿಂದ ಪ್ರಯೋಜನವಿರಲಿಲ್ಲ.

1943ರ ಏಪ್ರಿಲ್ 7ರಂದು ಮೊರಾಕೊದಿಂದ ಇಂಗ್ಲೆಂಡಿಗೆ ಹೊರಟಿದ್ದ ಒಂದು ಬಿ-17 ದಾರಿ ತಪ್ಪಿ, ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಕ್ಲೊನಕಿಲ್ಟಿಯ ಬಳಿ ಜೌಗು ನೆಲದಲ್ಲಿ ಇಳಿಯಿತು. ಶತ್ರುವಿನ ವಶದಲ್ಲಿರುವ ನಾರ್ವೆಗೆ ಬಂದಿದ್ದೇವೆಂದು ಅದರ ಸಿಬ್ಬಂದಿ ಭಾವಿಸಿದ್ದರು. ಅವರ ಜೊತೆಗೆ ಟೋಜೊ ಎಂಬ ಕೋತಿಯೂ ಇದ್ದು, ಅದು ಆ ಊರಿನಲ್ಲೇ ಸತ್ತುಹೋಯಿತು. ಕೆಲವು ವಾರಗಳ ನಂತರ ತಾತ್ಕಾಲಿಕ ಓಡುದಾರಿಯೊಂದನ್ನು ಹಾಸಿ ವಿಮಾನವನ್ನು ಮತ್ತೆ ಮೇಲೇರಿಸಲಾಯಿತು.

ಯಾವ ಪಕ್ಷವನ್ನೂ ಸೇರದೆ ಉಳಿದಿದ್ದ ಐರ್ಲೆಂಡ್ ತನ್ನ ಕಡಲಂಚಿನುದ್ದಕ್ಕೂ ಎಂಬತ್ತಕ್ಕೂ ಹೆಚ್ಚು ಕಾವಲು ಠಾಣೆಗಳನ್ನಿಟ್ಟು, ಅವುಗಳ ಪಕ್ಕದಲ್ಲಿ ದೇಶದ ಐರಿಷ್ ಹೆಸರಾದ ‘ಏರೆ’ ಎಂಬುದನ್ನು ಸುಣ್ಣ ಬಳಿದ ಕಲ್ಲುಗಳಿಂದ ದೊಡ್ಡ ಅಕ್ಷರಗಳಲ್ಲಿ ಬರೆಸಿತು. ಇದು ತಟಸ್ಥ ನೆಲ ಎಂದು ಸಾರುವುದು ಅದರ ಮೊದಲ ಉದ್ದೇಶ; ಅಮೆರಿಕದ ವಾಯುಪಡೆಯ ಕೋರಿಕೆಯಂತೆ ಪ್ರತಿ ಹೆಸರಿನ ಪಕ್ಕದಲ್ಲಿ ಠಾಣೆಯ ಸಂಖ್ಯೆಯನ್ನೂ ಸೇರಿಸಿದ ಮೇಲೆ ಅದು ದಾರಿ ತೋರುವ ಸಾಧನವೂ ಆಯಿತು. ಅಂದಾಜು ಲೆಕ್ಕದಲ್ಲಿ ತಪ್ಪು ಗಂಟೆಗಂಟೆಗೂ ಬೆಳೆಯುತ್ತಲೇ ಹೋಗುವುದರಿಂದ, ಖಚಿತವಾಗಿ ಗೊತ್ತಿರುವ ಒಂದು ಬಿಂದು ಕಣ್ಣಿಗೆ ಬಿದ್ದ ಕ್ಷಣದಲ್ಲಿ ಅದುವರೆಗಿನ ತಪ್ಪೆಲ್ಲ ಅಳಿಸಿ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಮೋಡದ ಸಂದಿನಲ್ಲಿ ‘80’ ಕಂಡರೆ ಕೆಳಗಿರುವುದು ಉತ್ತರ ತುದಿಯ ಮಾಲಿನ್ ಹೆಡ್, ‘8’ ಕಂಡರೆ ಡಬ್ಲಿನ್ನಿನ ದಕ್ಷಿಣದ ಬ್ರೇ ಹೆಡ್.

ಯುದ್ಧ ಮುಗಿದ ಮೇಲೆ ಈ ಅಕ್ಷರಗಳಲ್ಲಿ ಹಲವು ಹುಲ್ಲುಪೊದೆಗಳಡಿ ಮರೆಯಾದವು. 2018ರ ಬೇಸಿಗೆಯಲ್ಲಿ ಕಾಳ್ಗಿಚ್ಚು ಬ್ರೇ ಹೆಡ್ಡಿನ ಮುಳ್ಳುಪೊದೆಗಳನ್ನು ಸುಟ್ಟಾಗ, ಅಲ್ಲಿಯ ಕಲ್ಲಕ್ಷರಗಳು ಆಕಾಶಕ್ಕೆ ಮತ್ತೆ ಕಾಣಿಸಿಕೊಂಡವು.