ವೈ-ಫೈ: ಕೇಳಿಸಿಕೊಂಡು ಮಾತಾಡುವ ಜಾಲ

ರೌಟರ್‌ನ ಹಿಂಬದಿಗೆ ಬಂದು ಸೇರುವ ಕೇಬಲ್ ಒಂದು ಜಾಲಕ್ಕೆ ಸೇರಿದ್ದು. ಅದರ ಆಂಟೆನಾದಿಂದ ಮೊಬೈಲ್, ಲ್ಯಾಪ್‌ಟಾಪ್, ಟಿವಿಗಳವರೆಗೆ ಹಬ್ಬುವ ರೇಡಿಯೊ ತರಂಗಗಳದು ಇನ್ನೊಂದು. ಈ ಎರಡನೆಯದೇ ನಿಸ್ತಂತು ಸ್ಥಳೀಯ ಜಾಲ, ಅಂದರೆ ವೈ-ಫೈ. ತಿಂಗಳ ಶುಲ್ಕ ಕಟ್ಟುವುದು ಮೊದಲನೆಯದಕ್ಕೆ. ವಿಡಿಯೊ ತಡೆತಡೆದು ಬರುವಾಗ ತೊಡಕಿರುವುದು ಮಾತ್ರ ಬಹಳ ಸಲ ಎರಡನೆಯದರಲ್ಲಿ.

ಒಂದೇ ಚಾನೆಲ್‌ನಲ್ಲಿ ಎರಡು ಸಾಧನಗಳು ಒಟ್ಟಿಗೆ ಪ್ರಸಾರಕ್ಕಿಳಿದರೆ ಸಂಕೇತಗಳು ಕಲಸಿಹೋಗುತ್ತವೆ. ಅದಕ್ಕೇ ಪ್ರತಿ ಸಾಧನವೂ ಮೊದಲು ಕೇಳಿಸಿಕೊಳ್ಳುತ್ತದೆ. ಚಾನೆಲ್ ಖಾಲಿಯಾದ ಮೇಲೂ ತಟ್ಟನೆ ಹೊರಡದೆ, ತಾನೇ ಯಾದೃಚ್ಛಿಕವಾಗಿ ಆರಿಸಿಕೊಂಡ ಕೆಲವು ಮೈಕ್ರೊಸೆಕೆಂಡು ಕಾದು ಒಂದು ಕಂತು ದತ್ತಾಂಶ ಕಳಿಸುತ್ತದೆ. ತಲುಪಿತೆಂಬ ಉತ್ತರ ಬಾರದಿದ್ದರೆ ಕಾಯುವ ಗಡುವಿನ ಮಿತಿಯನ್ನು ಇಮ್ಮಡಿ ಮಾಡಿಕೊಂಡು ಮತ್ತೆ ಪ್ರಯತ್ನಿಸುತ್ತದೆ. ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ಹವಾಯಿ ದ್ವೀಪಗಳ ನಡುವೆ ಕಟ್ಟಿದ ಅಲೋಹಾನೆಟ್ ಎಂಬ ರೇಡಿಯೊ ಜಾಲದಲ್ಲಿ ಈ ವಿಧಾನದ ಬೇರುಗಳಿವೆ. ಪಕ್ಕದ ಮನೆಯ ರೌಟರ್‌ಗೂ ಈ ಮನೆಯ ಮೊಬೈಲ್‌ಗೂ ಪರಿಚಯವೇ ಇಲ್ಲ, ಸರದಿ ಹೇಳುವ ಮೇಲ್ವಿಚಾರಕನೂ ಇಲ್ಲ. ಆದರೂ ಹಂಚಿಕೆ ನಡೆಯುತ್ತದೆ. 1997ರ ಮೊದಲ ಮಾನಕದ ಸೆಕೆಂಡಿಗೆ 2 ಮೆಗಾಬಿಟ್‌ನಿಂದ ವೇಗ ಎಷ್ಟೇ ಏರಿರಲಿ, ಬೆರಗು ಹುಟ್ಟಿಸಬೇಕಾದದ್ದು ಈ ಶಿಸ್ತು.

ಈ ಶಿಸ್ತಿಗೆ ಬೆಲೆಯೂ ಇದೆ. ಮೂಲೆಯ ಕೋಣೆಯ ಮೊಬೈಲ್‌ಗೆ ಸಂಕೇತ ಕ್ಷೀಣವಾದ್ದರಿಂದ ಅದು ನಿಧಾನಗತಿಯಲ್ಲೇ ವ್ಯವಹರಿಸಬೇಕು. ಅಷ್ಟೇ ದತ್ತಾಂಶಕ್ಕೆ ಹೆಚ್ಚು ಹೊತ್ತು ಚಾನೆಲ್ ಹಿಡಿದಿರುತ್ತದೆ. ರೌಟರ್‌ಗೆ ಒತ್ತಿಕೊಂಡಂತಿರುವ ಲ್ಯಾಪ್‌ಟಾಪ್ ಕೂಡ ಅಲ್ಲಿಯವರೆಗೆ ಕಾಯಲೇಬೇಕು.

ಬಳಕೆಯ ಆವರ್ತನ ಪಟ್ಟಿಗಳು ಮುಖ್ಯವಾಗಿ ಎರಡು. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, ಅದು ಗೋಡೆ ದಾಟುವುದರಲ್ಲಿ ಮೇಲು. ಅಲ್ಲಿ 13 ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಚಾಚಿಕೊಂಡಿರುವುದರಿಂದ 1, 6, 11 ಎಂಬ ಮೂರನ್ನಷ್ಟೇ ಪರಸ್ಪರ ತಾಗದಂತೆ ಬಳಸಲು ಸಾಧ್ಯ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ಕಾಣುವ ಹತ್ತಾರು ಜಾಲಗಳೆಲ್ಲ ಇದಕ್ಕೇ ಮುಗಿಬೀಳುತ್ತವೆ. ಮೈಕ್ರೊವೇವ್ ಒಲೆಯಿಂದ ಸೋರುವ ತರಂಗಗಳೂ ಇದೇ ಪಟ್ಟಿಯವು. 5 ಗಿಗಾಹರ್ಟ್ಸ್ ವಿಶಾಲ, ಆದರೆ ಗೋಡೆಗಳಿಗೆ ಬೇಗ ಸೋಲುತ್ತದೆ. ಭಾರತ 2018ರಲ್ಲಿ ಈ ಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು.

ವ್ಯಾಪ್ತಿಯೊಳಗಿರುವ ಯಾರಾದರೂ ಸಂಕೇತವನ್ನು ಹಿಡಿಯಬಲ್ಲರು. ಆದ್ದರಿಂದ ಗೂಢಲಿಪೀಕರಣ ಅನಿವಾರ್ಯ. ಹಳೆಯ ಡಬ್ಲ್ಯುಇಪಿ ಪದ್ಧತಿಯ ದೌರ್ಬಲ್ಯ 2001ರಲ್ಲೇ ಬಯಲಾಯಿತು. ಈಗ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಬೇಕು.

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಕಿರಾಣಿ ಅಂಗಡಿಯೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈ-ಫೈ ಒದಗಿಸಬಹುದು. ಮನೆಯಲ್ಲಾದರೆ ರೌಟರನ್ನು ನಡುಭಾಗದಲ್ಲಿ ಎತ್ತರಕ್ಕೆ ಇಡಬೇಕು. ಕದಲದ ಟಿವಿ, ಡೆಸ್ಕ್‌ಟಾಪ್‌ಗಳಿಗೆ ಕೇಬಲ್ ಎಳೆದರೆ ಅವುಗಳ ಸರದಿ ಮೊಬೈಲ್‌ಗಳಿಗೆ ಉಳಿಯುತ್ತದೆ.