ಶುಶ್ರೂಷಾ ಶಾಲೆಗಳ ಪರಿಸರ ಸುರಕ್ಷತೆ

ಶುಶ್ರೂಷಾ ಶಾಲೆಗಳ ಪರಿಸರ ಸುರಕ್ಷತೆ ಎಂದರೆ ನರ್ಸಿಂಗ್ ಶಿಕ್ಷಣ ಸಂಸ್ಥೆಗಳ ತರಗತಿ, ಪ್ರಯೋಗಾಲಯ, ವಿದ್ಯಾರ್ಥಿನಿಲಯ ಮತ್ತು ತರಬೇತಿ ವಾರ್ಡುಗಳನ್ನು ಸೋಂಕು, ವಿಷಕಾರಿ ರಾಸಾಯನಿಕ ಹಾಗೂ ಮಾಲಿನ್ಯದಿಂದ ಮುಕ್ತವಾಗಿಡುವ ಕ್ರಮಗಳ ಸಮೂಹ. ಶಾಲೆಯಲ್ಲಿ ರೂಢಿಯಾದ ಅಭ್ಯಾಸವೇ ಮುಂದೆ ಆಸ್ಪತ್ರೆಗೂ ಸಾಗುವುದರಿಂದ ಇದು ರೋಗಿಗಳ ಸುರಕ್ಷತೆಗೂ ಸಂಬಂಧಿಸಿದೆ.

ಹಿನ್ನೆಲೆ
ಫ್ಲಾರೆನ್ಸ್ ನೈಟಿಂಗೇಲ್ ತಮ್ಮ 'ನೋಟ್ಸ್ ಆನ್ ನರ್ಸಿಂಗ್' (1859–60) ಕೃತಿಯಲ್ಲಿ ಆರೋಗ್ಯಕರ ಮನೆಗೆ ಶುದ್ಧ ಗಾಳಿ, ಶುದ್ಧ ನೀರು, ಸಮರ್ಪಕ ಚರಂಡಿ, ಸ್ವಚ್ಛತೆ ಮತ್ತು ಬೆಳಕು ಅಗತ್ಯವೆಂದು ವಿವರಿಸಿದರು. ಭಾರತದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ತ್ಯಾಜ್ಯವನ್ನು ಉತ್ಪಾದಿಸುವ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತವೆ.

ತ್ಯಾಜ್ಯದ ವಿಂಗಡಣೆ
ತ್ಯಾಜ್ಯವನ್ನು ಅದು ಉಂಟಾದ ಸ್ಥಳದಲ್ಲಿಯೇ ಬೇರ್ಪಡಿಸಬೇಕು.
* ಹಳದಿ: ರಕ್ತ ತಾಗಿದ ಹತ್ತಿ, ಬ್ಯಾಂಡೇಜ್, ಅವಧಿ ಮೀರಿದ ಔಷಧ
* ಕೆಂಪು: ಬಳಸಿದ ಪ್ಲಾಸ್ಟಿಕ್ ನಳಿಕೆ, ಕೈಗವಸು, ಸೂಜಿಯಿಲ್ಲದ ಸಿರಿಂಜ್
* ಬಿಳಿ: ಸೂಜಿ, ಬ್ಲೇಡ್ (ಚುಚ್ಚಿ ತೂತಾಗದ ಡಬ್ಬಿಯಲ್ಲಿ)
* ನೀಲಿ: ಗಾಜಿನ ಸೀಸೆ

ಸೂಜಿ ಚುಚ್ಚುವಿಕೆ
ಕೈ ಪಳಗದ ವಿದ್ಯಾರ್ಥಿಗಳಿಗೆ ಈ ಅಪಾಯ ಹೆಚ್ಚು. ಇದರಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡಬಹುದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಚುಚ್ಚಿದ ಭಾಗವನ್ನು ಹಿಂಡದೆ ಸೋಪು ಮತ್ತು ನೀರಿನಿಂದ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧವನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ಬೈಗುಳದ ಭಯದಿಂದ ಗಾಯವನ್ನು ಮುಚ್ಚಿಟ್ಟರೆ ಈ ಅವಕಾಶ ಕೈತಪ್ಪುತ್ತದೆ. ತರಬೇತಿಗೆ ಮುನ್ನವೇ ಹೆಪಟೈಟಿಸ್ ಬಿ ಲಸಿಕೆ ಪಡೆಯುವುದು ಸೂಕ್ತ.

ರಾಸಾಯನಿಕಗಳು
ಒಡೆದ ಥರ್ಮಾಮೀಟರಿನ ಪಾದರಸವು ಆವಿಯಾಗಿ ನರಮಂಡಲಕ್ಕೆ ಹಾನಿ ಮಾಡುತ್ತದೆ. ಅದನ್ನು ಪೊರಕೆಯಿಂದ ಗುಡಿಸಬಾರದು. ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಒಟ್ಟುಗೂಡಿಸಿ, ಮುಚ್ಚಿದ ಸೀಸೆಯಲ್ಲಿಡಬೇಕು. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಡಿಜಿಟಲ್ ಥರ್ಮಾಮೀಟರ್ ಸುರಕ್ಷಿತ ಪರ್ಯಾಯವಾಗಿದೆ. ಫಾರ್ಮಲಿನ್ ಮತ್ತು ಗ್ಲೂಟರಾಲ್ಡಿಹೈಡ್‌ಗಳನ್ನು ಗಾಳಿಯಾಡುವ ಕೋಣೆಯಲ್ಲಿ ಮಾತ್ರ ಬಳಸಬೇಕು.

ಕಲಬುರಗಿ ಜಿಲ್ಲೆಯ ಸಂದರ್ಭ
ಐನಾಪುರ ಗ್ರಾಮವಿರುವ ಚಿಂಚೋಳಿ ತಾಲ್ಲೂಕು ಸೇರಿದಂತೆ ಈ ಜಿಲ್ಲೆಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಸೇಡಂ, ಚಿತ್ತಾಪುರ ಮತ್ತು ವಾಡಿ ಭಾಗಗಳಲ್ಲಿ ಸುಣ್ಣಕಲ್ಲಿನ ಗಣಿ ಹಾಗೂ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದ್ ನೆಲಹಾಸು ಕಲ್ಲಿಗೆ ಹೆಸರಾಗಿದೆ. ಆದ್ದರಿಂದ ಇಂತಹ ಪ್ರದೇಶದ ಶಾಲೆಗಳಲ್ಲಿ ಗಾಳಿಯಾಟದ ಜೊತೆಗೆ ದೂಳಿನ ತಡೆಯನ್ನೂ ಯೋಚಿಸಬೇಕಾಗುತ್ತದೆ. ಒಣ ಗುಡಿಸುವಿಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಆವರಣದಲ್ಲಿ ಬೇವು, ಹೊಂಗೆಯಂತಹ ಮರಗಳನ್ನು ಬೆಳೆಸುವುದು, ಮಳೆನೀರು ಸಂಗ್ರಹ ಮತ್ತು ಕುಡಿಯುವ ನೀರಿನ ನಿಯತ ಪರೀಕ್ಷೆ ಕಡಿಮೆ ವೆಚ್ಚದಲ್ಲಿ ಸಾಧ್ಯವಾಗುವ ಕ್ರಮಗಳಾಗಿವೆ.