ಬೆದರಿಕೆಯ ಇ-ಮೇಲ್: ಹಣ ತೆರುವ ಮುನ್ನ ತಿಳಿಯಬೇಕಾದ ಸಂಗತಿಗಳು

ಇಂದು ವ್ಯಾಪಾರದ ಪತ್ರವ್ಯವಹಾರದ ಬಹುಪಾಲು ಇ-ಮೇಲ್ ಮೂಲಕವೇ ನಡೆಯುತ್ತದೆ. ದರಪಟ್ಟಿ, ಇನ್‌ವಾಯ್ಸ್, ಬ್ಯಾಂಕಿನ ಸೂಚನೆಗಳು ಬರುವ ದಾರಿಯಲ್ಲಿಯೇ ಬೆದರಿಕೆಯ ಪತ್ರಗಳೂ ಬರುತ್ತಿವೆ. ಜಯನಗರ 4ನೇ ಬ್ಲಾಕಿನ ಬಟ್ಟೆ ಅಂಗಡಿಯಾಗಲಿ, ಬನಶಂಕರಿಯ ಗುತ್ತಿಗೆದಾರರ ಕಚೇರಿಯಾಗಲಿ, ಜೆ.ಪಿ. ನಗರದ ಔಷಧ ವಿತರಕರಾಗಲಿ, ಬಿ.ಟಿ.ಎಂ. ಬಡಾವಣೆಯ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಾಗಲಿ ಇದಕ್ಕೆ ಹೊರತಲ್ಲ.

ಇಂಥ ಪತ್ರಗಳ ಒಕ್ಕಣೆ ಬಹುತೇಕ ಒಂದೇ ಬಗೆಯದು. ತಮ್ಮ ಗಣಕಯಂತ್ರ ಕಳುಹಿಸಿದವನ ವಶದಲ್ಲಿದೆ, ಕ್ಯಾಮೆರಾದ ಮೂಲಕ ಖಾಸಗಿ ದೃಶ್ಯಗಳನ್ನು ಸೆರೆಹಿಡಿಯಲಾಗಿದೆ, 48 ಗಂಟೆಗಳೊಳಗೆ ಬಿಟ್‌ಕಾಯಿನ್ ರೂಪದಲ್ಲಿ ಹಣ ಸಂದಾಯವಾಗದಿದ್ದರೆ ಅವನ್ನು ಪರಿಚಿತರಿಗೆಲ್ಲ ಹಂಚಲಾಗುವುದು ಎಂಬುದು ಅದರ ಸಾರಾಂಶ. ಅನೇಕ ಪತ್ರಗಳಲ್ಲಿ ಓದುಗರ ನಿಜವಾದ ಪಾಸ್‌ವರ್ಡ್ ಒಂದನ್ನು ನಮೂದಿಸಿರುತ್ತಾರೆ. ಅದನ್ನು ಕಂಡೊಡನೆ ಮಾನಕ್ಕೆ ಅಂಜಿ, ಯಾರಲ್ಲಿಯೂ ಹೇಳಿಕೊಳ್ಳದೆ ಹಣ ತೆರಲು ಮುಂದಾಗುವವರುಂಟು. ಪೊಳ್ಳು ಬೆದರಿಕೆ ಯಾವುದು, ನಿಜವಾದ ಹಾನಿ ಯಾವುದು ಎಂಬ ವ್ಯತ್ಯಾಸವನ್ನು ಅರಿತರೆ ಈ ನಷ್ಟವನ್ನು ತಪ್ಪಿಸಬಹುದು.

ಪಾಸ್‌ವರ್ಡ್ ದೊರೆತುದು ಎಲ್ಲಿಂದ?

ಪಾಸ್‌ವರ್ಡ್ ಗೊತ್ತಿದೆಯೆಂದ ಮಾತ್ರಕ್ಕೆ ಗಣಕಯಂತ್ರದೊಳಗೆ ಯಾರೋ ಹೊಕ್ಕಿದ್ದಾರೆಂದು ಅರ್ಥವಲ್ಲ. ಜಾಲತಾಣಗಳಿಂದ ಹಿಂದೆ ಸೋರಿಕೆಯಾದ ಮಾಹಿತಿಯೇ ಇದರ ಮೂಲ. ಲಿಂಕ್ಡ್‌ಇನ್ ತಾಣದಿಂದ 2012ರಲ್ಲಿ ಕಳುವಾದ ಸುಮಾರು 11.7 ಕೋಟಿ ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡ್‌ಗಳ ಮಾಹಿತಿ 2016ರಲ್ಲಿ ಮಾರಾಟಕ್ಕೆ ಬಂದಿತು. ಬೆಂಗಳೂರಿನ ಬಿಗ್‌ಬಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಸೋರಿಕೆಯಾದ ಸುದ್ದಿ 2020ರ ನವೆಂಬರ್‌ನಲ್ಲಿ ಹೊರಬಿದ್ದಾಗ, ಸಂಸ್ಥೆಯು ನಗರದ ಸೈಬರ್ ಅಪರಾಧ ಪೊಲೀಸರಿಗೆ ದೂರು ನೀಡಿತು. ಇಂಥ ಪಟ್ಟಿಗಳನ್ನು ಪಡೆದವರು ಒಂದೇ ಪತ್ರವನ್ನು ಸ್ವಯಂಚಾಲಿತವಾಗಿ ಸಹಸ್ರಾರು ಜನರಿಗೆ ರವಾನಿಸುತ್ತಾರೆ. 2018ರಿಂದೀಚೆಗೆ ಈ ಹಾವಳಿ ಜಗತ್ತಿನಾದ್ಯಂತ ಹರಡಿದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2020ರಲ್ಲಿ ಇವು ನಕಲಿ ಬೆದರಿಕೆಗಳೆಂದು ಸಾರ್ವಜನಿಕರನ್ನು ಎಚ್ಚರಿಸಿತು.

ಕೆಲವೊಮ್ಮೆ ಪತ್ರವು ತಮ್ಮದೇ ವಿಳಾಸದಿಂದ ಬಂದಂತೆ ಕಾಣುತ್ತದೆ. ಅಂಚೆ ಲಕೋಟೆಯ ಮೇಲೆ ಕಳುಹಿಸಿದವರ ವಿಳಾಸವನ್ನು ಯಾರು ಏನೆಂದಾದರೂ ಬರೆಯಬಹುದಲ್ಲವೇ? ಇ-ಮೇಲ್‌ನಲ್ಲಿಯೂ ಹಾಗೆಯೇ. ಸ್ವಂತ ಡೊಮೇನ್ ಹೊಂದಿರುವ ಸಂಸ್ಥೆಗಳು ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಎಂಬ ವ್ಯವಸ್ಥೆಗಳನ್ನು ಅಳವಡಿಸಿಕೊಂಡರೆ ಈ ನಕಲನ್ನು ಬಹುಮಟ್ಟಿಗೆ ತಡೆಯಬಹುದು.

ವೋಚರ್ ಇಲ್ಲದ ಬಾಕಿಯನ್ನು ಯಾವ ಲೆಕ್ಕಿಗನೂ ಪಾವತಿಗೆ ಮಂಜೂರು ಮಾಡುವುದಿಲ್ಲ. ಇಲ್ಲಿಯೂ ಅದೇ ನಿಯಮ ಅನ್ವಯಿಸುತ್ತದೆ. ದೃಶ್ಯವಾಗಲಿ, ಕಡತವಾಗಲಿ ಪುರಾವೆಯಾಗಿ ಇಲ್ಲದ ಪತ್ರ ಬಹುತೇಕ ಪೊಳ್ಳು. ನಿಜವಾದ ಚಿತ್ರ ಅಥವಾ ಗ್ರಾಹಕರ ದಾಖಲೆಯನ್ನೇ ಲಗತ್ತಿಸಿದ್ದರೆ ಪ್ರಕರಣ ಗಂಭೀರ. ಆಗ ತಡಮಾಡದೆ ಪೊಲೀಸರ ಬಳಿಗೆ ಹೋಗತಕ್ಕದ್ದು. ಎರಡೂ ಸಂದರ್ಭಗಳಲ್ಲಿ ಹಣ ಕೊಡುವುದು ಪರಿಹಾರವಲ್ಲ. ಒಮ್ಮೆ ಕೊಟ್ಟವರು ಮತ್ತೊಮ್ಮೆಯೂ ಕೊಟ್ಟಾರೆಂದು ವಂಚಕರು ಎಣಿಸುತ್ತಾರೆ.

ದೊಡ್ಡ ಸಂಸ್ಥೆಗಳಿಗೂ ಇಂಥ ಪತ್ರಗಳು ಬಂದಿವೆ. 2017ರ ಮೇ ತಿಂಗಳಿನಲ್ಲಿ ಬೆಂಗಳೂರಿನ ವಿಪ್ರೋ ಸಂಸ್ಥೆಗೆ ಅನಾಮಧೇಯ ಇ-ಮೇಲ್ ಒಂದು ಬಂದು, 500 ಕೋಟಿ ರೂಪಾಯಿಗಳನ್ನು ಬಿಟ್‌ಕಾಯಿನ್ ರೂಪದಲ್ಲಿ ಕೊಡದಿದ್ದರೆ ರೈಸಿನ್ ಎಂಬ ವಿಷದಿಂದ ದಾಳಿ ನಡೆಸುವುದಾಗಿ ಬೆದರಿಸಿತು. ಸಂಸ್ಥೆಯು ಪೊಲೀಸರಿಗೆ ದೂರು ಸಲ್ಲಿಸಿ, ಭದ್ರತೆಯನ್ನು ಹೆಚ್ಚಿಸಿ ಕೆಲಸ ಮುಂದುವರಿಸಿತು. ಗಡುವು ಕಳೆದರೂ ದಾಳಿ ನಡೆಯಲಿಲ್ಲ.

ನಿಜವಾದ ಹಾನಿ

ಪತ್ರದಲ್ಲಿನ ಲಗತ್ತನ್ನು ತೆರೆದಾಗ, ಅಥವಾ ತಂತ್ರಾಂಶದ ದೋಷವನ್ನು ಬಳಸಿಕೊಂಡು, ಗಣಕಯಂತ್ರದ ಕಡತಗಳಿಗೆಲ್ಲ ಬೀಗ ಜಡಿಯುವ ರಾನ್ಸಮ್‌ವೇರ್ ಇದಕ್ಕಿಂತ ಭಿನ್ನ. ಇಲ್ಲಿ ಹಾನಿ ಕಣ್ಣೆದುರಿಗೇ ಇರುತ್ತದೆ. 2017ರ ಮೇ 12ರಂದು ಕಾಣಿಸಿಕೊಂಡ ವನ್ನಾಕ್ರೈ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳನ್ನು ಕೆಡಿಸಿ, ಒಂದೊಂದಕ್ಕೂ 300 ಡಾಲರ್ ಕೇಳಿತು. ಅದನ್ನು ತಡೆಯುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳೇ ಮುಖ್ಯವಾಗಿ ತುತ್ತಾದವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನು ಹಳೆಯ ಯಂತ್ರಗಳಲ್ಲಿ ಲೆಕ್ಕ ಬರೆಯುತ್ತಿರುವವರು ಗಮನಿಸಬೇಕು.

ಬ್ಯಾಕಪ್ ಇದ್ದವರಿಗೆ ಒತ್ತೆಹಣ ಕೊಡುವ ಪ್ರಮೇಯ ವಿರಳ. ಕಂಪನಿಗಳ ಮಟ್ಟಿಗೆ ಇದು ಕಾನೂನಿನ ಹೊಣೆಯೂ ಹೌದು: ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಅನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಿಸಬೇಕೆಂದು 2022ರಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ. ಜಿಎಸ್‌ಟಿ ನೋಂದಾಯಿತ ವರ್ತಕರು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಕಾಪಾಡಬೇಕು. ಯಂತ್ರಕ್ಕೆ ಸದಾ ಜೋಡಿಸಿಟ್ಟ ಹಾರ್ಡ್ ಡಿಸ್ಕ್‌ಗೂ ರಾನ್ಸಮ್‌ವೇರ್ ಬೀಗ ಹಾಕುವುದರಿಂದ, ಕನಿಷ್ಠ ಒಂದು ಪ್ರತಿಯನ್ನು ಬೇರ್ಪಡಿಸಿ ಇಡುವುದು ಅವಶ್ಯ.

ಅನುಸರಿಸಬೇಕಾದ ಕ್ರಮಗಳು

1. ಬೆದರಿಕೆಯ ಪತ್ರಕ್ಕೆ ಉತ್ತರಿಸಬಾರದು. ಅದರಲ್ಲಿನ ಲಿಂಕ್, ಲಗತ್ತುಗಳನ್ನು ತೆರೆಯಬಾರದು.

2. ಪತ್ರವನ್ನು ಅಳಿಸದೆ ಪೂರ್ಣ ಹೆಡರ್ ಸಹಿತ ಉಳಿಸಿಕೊಳ್ಳಬೇಕು. ತನಿಖೆಗೆ ಅದೇ ಸಾಕ್ಷ್ಯ.

3. ನಮೂದಾದ ಪಾಸ್‌ವರ್ಡ್ ಬಳಕೆಯಲ್ಲಿರುವ ಎಲ್ಲ ಖಾತೆಗಳಲ್ಲಿಯೂ ಅದನ್ನು ಬದಲಿಸಬೇಕು. ಇ-ಮೇಲ್, ಬ್ಯಾಂಕ್ ಹಾಗೂ ಜಿಎಸ್‌ಟಿ ಖಾತೆಗಳಿಗೆ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಸೌಲಭ್ಯವಿರುವಲ್ಲಿ ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸಬೇಕು.

4. ಕಡತಗಳಿಗೆ ಬೀಗ ಬಿದ್ದಿದ್ದರೆ ಆ ಯಂತ್ರವನ್ನು ತಕ್ಷಣ ಅಂತರಜಾಲದಿಂದಲೂ ಕಚೇರಿಯ ಜಾಲದಿಂದಲೂ ಬೇರ್ಪಡಿಸಬೇಕು.

5. ಕಚೇರಿಯ ನೌಕರರೆಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ರೂಢಿಯನ್ನು ನಿಲ್ಲಿಸಬೇಕು. ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಅದೇ ದಿನ ರದ್ದುಪಡಿಸಬೇಕು.

ದೂರು ಮತ್ತು ಕಾನೂನು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಂತೆ ಸುಲಿಗೆಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇತರರ ಪಾಸ್‌ವರ್ಡ್ ಅನ್ನು ವಂಚನೆಯಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಗಣಕಯಂತ್ರ ವ್ಯವಸ್ಥೆಯ ಮೇಲೆ ನಿಜವಾದ ದಾಳಿಯಾದಲ್ಲಿ, ಅದು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ವಿಧಿಸುತ್ತದೆ.

ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿಯೇ ಆರಂಭವಾಯಿತು. ಇಂದು ವಿಭಾಗ ಮಟ್ಟದಲ್ಲಿಯೂ ಇಂಥ ಠಾಣೆಗಳಿವೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಂಗಡಿಯಲ್ಲಿ ಕುಳಿತೇ ದೂರು ದಾಖಲಿಸಬಹುದು. ಹಣ ಈಗಾಗಲೇ ಕೈಬಿಟ್ಟಿದ್ದರೆ 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಬೇಕು. ಬ್ಯಾಂಕಿನ ಮೂಲಕ ಹೋದ ಹಣವನ್ನು ಮುಂದೆ ಸಾಗುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು.

ವಂಚಕರ ಬಂಡವಾಳ ನಾಚಿಕೆ ಮತ್ತು ಅವಸರ. ಪತ್ರ ಬಂದ ದಿನವೇ ಪಾಲುದಾರರಿಗೂ ಮನೆಯವರಿಗೂ ತಿಳಿಸಿದ ವರ್ತಕನ ಮುಂದೆ ಆ ಬಂಡವಾಳ ನಡೆಯುವುದಿಲ್ಲ.